ಕದ್ದು ನೋಡುವ ಖುಷಿ: ಒಪ್ಪಿಕೊಳ್ಳಿ, ನಿಮ್ಮದು ಯಾವುದು?

ಫಿಲ್ಟರ್_ಕಾಫಿ (ಬೆಂಗಳೂರು)

ಮೊನ್ನೆ ಶನಿವಾರ ನನ್ನ ಮರ್ಯಾದೆ ಹೋಯಿತು. ಇಲ್ಲಾದರೂ ಹೇಳಿಕೊಂಡು ಹಗುರ ಆಗೋಣ ಅಂತ ಬರೆಯುತ್ತಿದ್ದೇನೆ.

ನಾವು ಐದಾರು ಗೆಳೆಯರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಸಿನಿಮಾ ನೋಡುತ್ತೇವೆ. ಗಂಭೀರ ಸಿನಿಮಾ. ಮುಗಿದ ಮೇಲೆ ಒಂದು ಗಂಟೆ ಚರ್ಚೆ, ಜೊತೆಗೆ ಚುರುಮುರಿ. ಆ ಗುಂಪಿನಲ್ಲಿ 'ಕಮರ್ಷಿಯಲ್' ಅನ್ನುವ ಮಾತನ್ನು ಬೈಗುಳದ ಹಾಗೆ ಬಳಸುವವನು ನಾನೇ. ಈ ಸಲ ನಮ್ಮ ಮನೆ ಸರದಿ. ಎಲ್ಲರೂ ಕೂತರು, ದೀಪ ಆರಿಸಿದೆ, ಟಿವಿಯಲ್ಲಿ ಆ್ಯಪ್ ತೆರೆದೆ. ಪರದೆ ತುಂಬ 'ಅಮೃತಧಾರೆ' ಸೀರಿಯಲ್ ಬಂದು ನಿಂತಿತು. ಅರ್ಧ ನೋಡಿ ನಿಲ್ಲಿಸಿದ ಸಂಚಿಕೆ.

"ಮನೇಲಿ ಯಾರಾದ್ರೂ ನೋಡ್ತಾರಾ?" ಅಂತ ಒಬ್ಬ ಕೇಳಿದ.

"ಹೂಂ, ಅಮ್ಮ" ಅಂದೆ.

ಅಮ್ಮ ಅಡುಗೆಮನೆಯಿಂದಲೇ ಕೂಗಿದರು: "ನಾನು ಏಳು ಗಂಟೆಗೇ ಟಿವೀಲಿ ನೋಡಿ ಮುಗಿಸಿರ್ತೀನಪ್ಪ. ರಾತ್ರಿ ಹನ್ನೊಂದಕ್ಕೆ ಕಿವಿಗೆ ವೈರ್ ಸಿಕ್ಕಿಸಿಕೊಂಡು ಕೂರೋನು ನೀನು."

ಅವತ್ತಿನ ಸಿನಿಮಾ ಯಾವುದು ಅಂತ ಈಗ ಯಾರಿಗೂ ನೆನಪಿಲ್ಲ. ವಾಟ್ಸಾಪ್ ಗ್ರೂಪಿನ ಹೆಸರು ಮಾತ್ರ 'ಗೌತಮ್ ಭೂಮಿಕಾ ಅಭಿಮಾನಿ ಬಳಗ' ಅಂತ ಬದಲಾಗಿದೆ.

ಇದು ಹಿಂದಿಯ 'ಬಡೇ ಅಚ್ಛೆ ಲಗ್ತೇ ಹೈ'ಯ ರೀಮೇಕ್ ಅಂತ ಗೊತ್ತು. ಮುಂದೆ ಏನಾಗುತ್ತದೆ ಅಂತಲೂ ಗೊತ್ತು. ಆದರೂ ಮದುವೆ ವಯಸ್ಸು ದಾಟಿದ ಇಬ್ಬರು ನಾಚಿಕೊಂಡು ಮಾತಾಡುವುದನ್ನು ನೋಡಿದರೆ ನನಗೆ ಏನೋ ಆಗುತ್ತದೆ. ಗೌತಮ್ ಪಾತ್ರದ ರಾಜೇಶ್ ನಟರಂಗ ರಂಗಭೂಮಿಯಿಂದ ಬಂದವರು, ನಾನು ನೋಡುವುದು ಅವರ ಅಭಿನಯಕ್ಕೆ ಅಂತ ಒಂದು ನೆಪ ಇಟ್ಟುಕೊಂಡಿದ್ದೆ. ಅದು ಅಮ್ಮನ ಮುಂದೆ ನಡೆಯಲಿಲ್ಲ.

ಇಂಗ್ಲಿಷಿನವರು ಇದಕ್ಕೆ 'ಗಿಲ್ಟಿ ಪ್ಲೆಷರ್' ಅಂತಾರೆ. ನಿಮ್ಮದು ಯಾವುದು ಹೇಳಿ. ಹಾಗೇ ಕನ್ನಡದಲ್ಲಿ ಇದಕ್ಕೊಂದು ಪದವನ್ನೂ ಹುಡುಕಿ ಕೊಡಿ.

ಎರಡನೇ_ಪಾಳಿ (ಭದ್ರಾವತಿ)

ಸರ್, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ.

ನನ್ನದು ಸಾಯಿಕುಮಾರ್. 1996ರ 'ಪೊಲೀಸ್ ಸ್ಟೋರಿ'. ಥ್ರಿಲ್ಲರ್ ಮಂಜು ನಿರ್ದೇಶನ. ಕೆಲಸ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಬೈಕಿನಲ್ಲಿ ಮನೆಗೆ ಬರುವಾಗ ಹೆಲ್ಮೆಟ್ ಒಳಗೆ ಆ ಡೈಲಾಗ್ ಹೊಡೆಯುತ್ತೇನೆ. ಪೂರ್ತಿ. ಉಸಿರು ಬಿಡದೆ. ಒಂದು ಸಲ ನಿಜವಾದ ಪೊಲೀಸಿನವರು ಕೈ ಅಡ್ಡ ಹಾಕಿದರು. ಗಾಜು ಏರಿಸಿದಾಗ ನಾನಿನ್ನೂ ವಾಕ್ಯದ ಮಧ್ಯದಲ್ಲಿದ್ದೆ. "ಕುಡಿದಿದ್ದೀಯಾ?" ಅಂತ ಕೇಳಿದರು. ಊದಿ ತೋರಿಸಿದೆ.

ಸಾಯಿಕುಮಾರ್ ಮೊದಲು ತೆಲುಗಿನಲ್ಲಿ ರಾಜಶೇಖರ್‌ಗೆ ಡಬ್ಬಿಂಗ್ ಹೇಳುತ್ತಿದ್ದವರು. ಎಷ್ಟೋ ವರ್ಷ ಬೇರೆಯವರ ಬಾಯಿಗೆ ಸಿಟ್ಟು ತುಂಬಿದವರಿಗೆ ಸ್ವಂತ ಖಾಕಿ ಬಟ್ಟೆ ಕೊಟ್ಟರೆ ಹೀಗೇ ಆಗುವುದು. ಈಗಿನ ಹೀರೋಗಳು ಪಿಸುಗುಟ್ಟುತ್ತಾರೆ. ನನಗೆ ಮೆಷಿನ್ ಸದ್ದಿನಲ್ಲಿ ಕಿವಿ ಹೋಗಿದೆ, ಜೋರಾಗಿ ಮಾತಾಡುವವರೇ ಬೇಕು.

ಮಳೆಗಾಲದ_ಕಪ್ಪೆ (ಸಾಗರ)

ನನಗೆ ಈ 'ಗಿಲ್ಟಿ' ಅನ್ನುವ ಮಾತಿನ ಮೇಲೇ ತಕರಾರು ಇದೆ.

ನಮ್ಮ ಮನೆಯವರು ಐಪಿಎಲ್ ಶುರುವಾದರೆ ಎರಡು ತಿಂಗಳು ಟಿವಿ ಬಿಡುವುದಿಲ್ಲ. ಪಂದ್ಯ ನೋಡುತ್ತಾರೆ, ಪಂದ್ಯದ ಮೇಲಿನ ಚರ್ಚೆ ನೋಡುತ್ತಾರೆ, ಮಾರನೇ ದಿನ ಬೆಳಿಗ್ಗೆ ಅದನ್ನೇ ಪೇಪರಿನಲ್ಲಿ ಓದುತ್ತಾರೆ. ಅದು ಯಾರಿಗೂ ನಾಚಿಕೆಯ ವಿಷಯ ಅಲ್ಲ. ಅತ್ತೆ ಅರ್ಧ ಗಂಟೆ ಸೀರಿಯಲ್ ಹಾಕಿದರೆ ಮಾತ್ರ "ಈ ಹಾಳು ಸೀರಿಯಲ್ಲು, ಸುಮ್ನೆ ಎಳೀತಾರೆ" ಅಂತ ಶುರು.

ಎಳೆಯುವುದಂತೆ! ಆರ್‌ಸಿಬಿ ಕಪ್ ಗೆಲ್ಲುವುದನ್ನು 2008ರಿಂದ 2025ರವರೆಗೆ ಎಳೆದರು. ಹದಿನೆಂಟು ಸೀಸನ್. ಯಾವ ಸೀರಿಯಲ್ ಅಷ್ಟು ಎಳೆದಿದೆ ಹೇಳಿ ನೋಡೋಣ.

ಎರಡನೇ_ಪಾಳಿ

ಅಕ್ಕ, ಇದು ಅನ್ಯಾಯ. ಆದರೆ ಉತ್ತರ ಇಲ್ಲ.

ಮಳೆಗಾಲದ_ಕಪ್ಪೆ

ಇನ್ನೂ ಮುಗಿದಿಲ್ಲ. ನೀವು ಹೆಲ್ಮೆಟ್ ಒಳಗೆ ಡೈಲಾಗ್ ಹೊಡೆದರೆ ಅದು ತಮಾಷೆ. ನಾನು ಸಾಯಿಸುತೆ ಕಾದಂಬರಿ ಓದಿ ಕಣ್ಣು ಒರೆಸಿಕೊಂಡರೆ "ಇಂಥದ್ದೆಲ್ಲ ಓದ್ತಾಳೆ" ಅಂತ ಹೇಳುತ್ತಿದ್ದರು. ಕಾಲೇಜಿನಲ್ಲಿ ನಮ್ಮ ಕನ್ನಡ ಮೇಡಂ ನನ್ನ ಕೈಯಿಂದ ಒಂದು ಕಿತ್ತುಕೊಂಡರು. ವಾರ ಬಿಟ್ಟು ವಾಪಸ್ ಕೊಟ್ಟರು. ಕೊಡುವಾಗ ಮೂಲೆ ಮಡಚಿದ ಪುಟ ನನ್ನದಲ್ಲ, ಅವರದು.

ಜವಾರಿ_ಮೆಣಸಿನಕಾಯಿ (ಬಾಗಲಕೋಟೆ)

ಕಾಕಾ ಒಬ್ಬರು ನಮ್ಮ ಕಡೆ ಇದ್ದರು. ಊರಿನಲ್ಲಿ ಬಹಳ ಮರ್ಯಾದಸ್ತ. ಮಠದ ಕಮಿಟಿಯಲ್ಲಿ ಇದ್ದವರು. ಜನವರಿ ಬಂತೆಂದರೆ ಬನಶಂಕರಿ ಜಾತ್ರೆಗೆ ಹೋಗುತ್ತಿದ್ದರು. ದೇವಿ ದರ್ಶನಕ್ಕೆ ಅಂತ. ಬನದ ಹುಣ್ಣಿಮೆಯ ತೇರು ಒಂದು ದಿನ. ಕಾಕಾ ಬರುವುದು ಎಂಟು ದಿನ ಬಿಟ್ಟು. ಉಳಿದ ಏಳು ದಿನ ಎಲ್ಲಿ? ನಾಟಕ ಕಂಪನಿಯ ಟೆಂಟಿನಲ್ಲಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಾದಾಮಿ ಹತ್ತಿರ ಚೊಳಚಗುಡ್ಡದಲ್ಲಿ ಈ ಜಾತ್ರೆ ನಡೆಯುತ್ತದೆ. ತೇರು ಮುಗಿದರೂ ನಾಟಕ ಮುಗಿಯುವುದಿಲ್ಲ. ಸಾಲಾಗಿ ಕಂಪನಿಗಳು ಟೆಂಟ್ ಹಾಕುತ್ತವೆ, ತಿಂಗಳುಗಟ್ಟಲೆ ಆಟ. ಪೋಸ್ಟರಿನಲ್ಲಿ ನಾಟಕದ ಹೆಸರು ಓದಿದರೇ ನಗು ಬರುತ್ತದೆ, ಎರಡು ಅರ್ಥ ಇಲ್ಲದ ಹೆಸರು ಅಪರೂಪ. ನಾನೂ ಹೋಗುತ್ತೇನೆ. ಬೆಂಗಳೂರಿನಿಂದ ರಜಾ ಹಾಕಿ ಹೋಗುತ್ತೇನೆ. ಆಫೀಸಿನಲ್ಲಿ 'ಊರಿನಲ್ಲಿ ಪೂಜೆ' ಅಂತ ಬರೆಯುತ್ತೇನೆ.

ಹಾಸ್ಯದ ಪಾತ್ರದವನು ಸ್ಟೇಜಿಗೆ ಬಂದು ಮೊದಲ ಸಾಲಿನಲ್ಲಿ ಕೂತವರನ್ನು ಒಂದು ಸಲ ಸುಮ್ಮನೆ ನೋಡುತ್ತಾನೆ. ಇನ್ನೂ ಒಂದು ಮಾತೂ ಆಡಿಲ್ಲ. ಜನ ಬಿದ್ದು ಬಿದ್ದು ನಗಲು ಶುರು. ಅವನು ಏನು ಹೇಳಲಿದ್ದಾನೆ ಅಂತ ಎಲ್ಲರಿಗೂ ಗೊತ್ತು, ಹೇಳಿದ್ದು ನಮ್ಮ ತಲೆಯೊಳಗೇ ಇತ್ತು ಅಂತ ಅವನಿಗೂ ಗೊತ್ತು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಾರೆ. ಆಮೇಲೆ ಅದೇ ನಾಟಕದಲ್ಲಿ ತಾಯಿ ಸಾಯುತ್ತಾಳೆ, ಅದೇ ಸೆರಗಿನಲ್ಲಿ ಅಳುತ್ತಾರೆ.

ಇದನ್ನು ಕೀಳು ಅನ್ನುವವರಿಗೆ ಒಂದೇ ಮಾತು. 1974ರ 'ಸಂಪತ್ತಿಗೆ ಸವಾಲ್' ಎಲ್ಲರೂ ನೋಡಿದ್ದೀರಿ. ರಾಜಣ್ಣ ಎಮ್ಮೆ ಮೇಲೆ ಕೂತು ಹಾಡಿದ ಸಿನಿಮಾ. ಅದು ನಮ್ಮ ಪಿ.ಬಿ. ಧುತ್ತರಗಿಯವರ ಕಂಪನಿ ನಾಟಕ. ಟೆಂಟಿನಲ್ಲಿ ಇದ್ದಾಗ ಕಂಪನಿ ನಾಟಕ, ಥಿಯೇಟರಿಗೆ ಬಂದ ಮೇಲೆ ಕ್ಲಾಸಿಕ್ಕು.

ಒಗ್ಗರಣೆ (ಮೈಸೂರು)

ಎಲ್ಲರೂ ಬೆನ್ನು ತಟ್ಟಿಕೊಳ್ಳುತ್ತಿದ್ದೀರಿ. ಸ್ವಲ್ಪ ತಡೆಯಿರಿ.

ಕೆಲವು ಖುಷಿಗಳ ಬಗ್ಗೆ ಅಳುಕು ಇರಲೇಬೇಕು ಅನ್ನುವವಳು ನಾನು. ಆ ಹಾಸ್ಯದವನ ಎರಡರ್ಥದ ಮಾತು ಯಾರ ಮೇಲೆ ಬೀಳುತ್ತದೆ? ಹೆಚ್ಚಾಗಿ ಪಕ್ಕದಲ್ಲಿ ನಿಂತ ಹೆಣ್ಣು ಪಾತ್ರದ ಮೇಲೆ. ಅವಳೂ ನಗಬೇಕು, ಅದು ಅವಳ ಸಂಬಳ. ಸೀರಿಯಲ್ಲಿನಲ್ಲಿ ಸೊಸೆ ಕಣ್ಣೀರು ಹಾಕಿದಷ್ಟೂ ಒಳ್ಳೆಯವಳು. ಅವಳು ಎದುರು ಮಾತಾಡಿದರೆ ವಿಲನ್. ಇದನ್ನು ಇಪ್ಪತ್ತು ವರ್ಷ ದಿನಾ ನೋಡಿದವರ ತಲೆಯಲ್ಲಿ ಏನೂ ಉಳಿಯುವುದಿಲ್ಲವೇ?

ನನ್ನದೂ ಒಂದಿದೆ, ಅದಕ್ಕೇ ಹೇಳುತ್ತಿದ್ದೇನೆ. ಟಿವಿ9ನಲ್ಲಿ ಬರುತ್ತಿದ್ದ 'ಹೀಗೂ ಉಂಟೆ'. ನಾನು ವಿಜ್ಞಾನ ಪಾಠ ಮಾಡುವವಳು. ಹಗಲು ಮಕ್ಕಳಿಗೆ ಯಾವುದಕ್ಕೂ ಪುರಾವೆ ಕೇಳಿ ಅಂತ ಹೇಳುವುದು, ರಾತ್ರಿ ಬಾವಿಯಲ್ಲಿ ಗೆಜ್ಜೆ ಸದ್ದು ಕೇಳುತ್ತದಂತೆ ಅನ್ನುವುದನ್ನು ದಿಂಬು ತಬ್ಬಿಕೊಂಡು ನೋಡುವುದು. ಅದರ ನಿರೂಪಕರ ದನಿ ಇದೆಯಲ್ಲ, ಅವರು ಹಾಲಿನ ಬಿಲ್ ಓದಿದರೂ ನನಗೆ ರೋಮಾಂಚನ ಆಗುತ್ತದೆ. ಖುಷಿ ಪಟ್ಟಿದ್ದೇನೆ, ಸುಳ್ಳಲ್ಲ. ಆದರೆ ಅದನ್ನು ನಂಬಿ ಮಂತ್ರ ಹಾಕಿಸಲು ಹೋದವರನ್ನೂ ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಹಾಗಾಗಿ ನನ್ನ ಗಿಲ್ಟು ನನಗಿರಲಿ, ಯಾರೂ ಕಿತ್ತುಕೊಳ್ಳಬೇಡಿ.

ಮಳೆಗಾಲದ_ಕಪ್ಪೆ

ಒಗ್ಗರಣೆ ಮೇಡಂ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನೋಡುವವರು ಅಷ್ಟು ಪೆದ್ದರಲ್ಲ. ನಮ್ಮತ್ತೆ ಸೊಸೆ ಅಳುವಾಗ "ಬಾಯಿ ಬಿಟ್ಟು ಹೇಳೇ, ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ದೀಯಾ?" ಅಂತ ಟಿವಿಗೇ ಬೈಯುತ್ತಾರೆ. ನನಗೆ ಬೈದದ್ದು ಅದಕ್ಕಿಂತ ಕಡಿಮೆ.

ಸ್ಕ್ರಿಪ್ಟ್_ಕೂಲಿ

ಊರು ಹಾಕುವುದಿಲ್ಲ, ಹೆಸರು ಹೇಳುವುದಿಲ್ಲ, ಯಾವ ಚಾನೆಲ್ ಅಂತ ಕೇಳಬೇಡಿ. ನಾನು ಸೀರಿಯಲ್‌ಗೆ ಸಂಭಾಷಣೆ ಬರೆಯುವವನು. ನೀವು ಇಲ್ಲಿ ಗಿಲ್ಟಿ ಅಂತ ನಗುತ್ತಿರುವುದು ನನ್ನ ಮನೆ ಬಾಡಿಗೆ.

'ಎಳೆಯುವುದು' ಯಾಕೆ ಅಂತ ಒಳಗಿನಿಂದ ಹೇಳುತ್ತೇನೆ. ಸೋಮವಾರದಿಂದ ಶುಕ್ರವಾರ, ಕೆಲವು ಕಡೆ ಶನಿವಾರವೂ ಪ್ರಸಾರ. ಜಾಹೀರಾತು ತೆಗೆದರೆ ಒಂದು ಸಂಚಿಕೆಗೆ ಇಪ್ಪತ್ತು ನಿಮಿಷದ ಸರಕು ಬೇಕು. ತಿಂಗಳಿಗೆ ಇಪ್ಪತ್ತಕ್ಕಿಂತ ಜಾಸ್ತಿ ಸಂಚಿಕೆ. ಎರಡು ತಿಂಗಳಿಗೆ ಐದು ಸಿನಿಮಾಕ್ಕಿಂತ ಹೆಚ್ಚು ಉದ್ದ ಆಯಿತು, ಲೆಕ್ಕ ಹಾಕಿ. ಕೈಯಲ್ಲಿ ಸಂಚಿಕೆಗಳ 'ಬ್ಯಾಂಕಿಂಗ್', ಅಂದರೆ ಮೊದಲೇ ಶೂಟ್ ಮಾಡಿಟ್ಟ ದಾಸ್ತಾನು, ಇದ್ದರೆ ಉಸಿರಾಡಬಹುದು. ಇಲ್ಲದಿದ್ದರೆ ಇವತ್ತು ಶೂಟ್ ಮಾಡಿದ್ದು ನಾಳೆ ಸಂಜೆ ಟಿವಿಯಲ್ಲಿ. ಮಳೆ ಬಂದು ಹೊರಗಿನ ಶೂಟಿಂಗ್ ನಿಂತರೆ ಅವತ್ತಿನ ಫುಟೇಜ್ ಹದಿನಾಲ್ಕು ನಿಮಿಷ. ಉಳಿದ ಆರು ನಿಮಿಷ ಎಲ್ಲಿಂದ ತರುವುದು? ಅತ್ತೆಯ ಮುಖ, ಸೊಸೆಯ ಮುಖ, ನಾದಿನಿಯ ಮುಖ, ಬಾಗಿಲ ಹತ್ತಿರ ನಿಂತ ಕೆಲಸದವಳ ಮುಖ. ಮೂರು ಸಲ ಗುಡುಗು. ನೀವು ಅದನ್ನು ಮೀಮ್ ಮಾಡುತ್ತೀರಿ. ಎಡಿಟರ್‌ಗೆ ಅದು ಬೆಳಗಿನ ಜಾವ ನಾಲ್ಕು ಗಂಟೆಯ ಪ್ರಾಣ ಸಂಕಟ.

ಗುರುವಾರ ಟಿಆರ್‌ಪಿ ಬರುತ್ತದೆ. ಗುರುವಾರ ಮಧ್ಯಾಹ್ನದವರೆಗೆ ನಾಯಕಿಗೆ ಮಗು ಆಗುವುದು ಗ್ಯಾರಂಟಿ. ಅಂಕಿ ಬಿದ್ದರೆ ಸಂಜೆ ಹೊತ್ತಿಗೆ ಮಗು ಕ್ಯಾನ್ಸಲ್, ನೆನಪು ಹೋಗುವುದು ಗ್ಯಾರಂಟಿ. ನಟರಿಗೆ ಡೈಲಾಗ್ ಓದಿಕೊಳ್ಳಲೂ ಪುರುಸೊತ್ತು ಇರುವುದಿಲ್ಲ. ಕ್ಯಾಮೆರಾ ಪಕ್ಕದಲ್ಲಿ ಕೂತು ಒಬ್ಬರು ಪ್ರಾಂಪ್ಟ್ ಮಾಡುತ್ತಾರೆ, ಕೇಳಿಸಿಕೊಂಡು ಅದೇ ಕ್ಷಣಕ್ಕೆ ಕಣ್ಣಲ್ಲಿ ನೀರು ತರುತ್ತಾರೆ. ಅದು ಸುಲಭ ಅಂತ ತಿಳಿದವರು ಒಂದು ದಿನ ಮಾಡಿ ನೋಡಲಿ.

ಫಿಲ್ಟರ್ ಕಾಫಿ ಸರ್, ನಿಮಗೆ ಒಂದು ಬೇಜಾರಿನ ಸುದ್ದಿ. ಟಿಆರ್‌ಪಿ ಅಳೆಯುವುದು ಮೀಟರ್ ಇಟ್ಟ ಮನೆಗಳ ಟಿವಿಯಲ್ಲಿ. ನೀವು ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಕದ್ದು ನೋಡಿದ್ದು ನಮ್ಮ ಗುರುವಾರದ ಲೆಕ್ಕಕ್ಕೇ ಬರುವುದಿಲ್ಲ. ಧೈರ್ಯವಾಗಿ ಅಮ್ಮನ ಪಕ್ಕ ಕೂತು ಏಳು ಗಂಟೆಗೆ ನೋಡಿ.

ಫಿಲ್ಟರ್_ಕಾಫಿ

ಏಳು ಗಂಟೆಗೆ ನಾನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಇರುತ್ತೇನೆ ಸರ್. ನಮ್ಮದೂ ಎಳೆಯುವ ಕಥೆಯೇ.

ಬೇಳೆಸಾರು_ಬೇ_ಏರಿಯಾ (ಕ್ಯಾಲಿಫೋರ್ನಿಯಾ)

ಇಲ್ಲಿ ಪಾತ್ರೆ ತೊಳೆಯುವಾಗ ನನಗೆ ಸೀರಿಯಲ್ ಬೇಕು. ನೋಡುವುದಕ್ಕಲ್ಲ, ಕೇಳುವುದಕ್ಕೆ. ಕಥೆ ಯಾವುದಾದರೂ ಸರಿ. "ಏನೇ, ತಿಂಡಿ ಆಯ್ತಾ?" ಅಂತ ಯಾರಾದರೂ ಮನೆಯೊಳಗೆ ಕನ್ನಡದಲ್ಲಿ ಕೇಳಬೇಕು ಅಷ್ಟೇ. ನನ್ನ ಮಗ ಕನ್ನಡ ಕಲಿತದ್ದು ಹೀಗೆ. ಅವನಿಗೆ ಎಂಟು ವರ್ಷ. ಬೇಸಿಗೆಯಲ್ಲಿ ಊರಿಗೆ ಬಂದಾಗ ಅವನ ಅಜ್ಜಿ ಇನ್ನೊಂದು ದೋಸೆ ಹಾಕಲಾ ಅಂತ ಕೇಳಿದರು. ಅವನು ಮುಖ ಗಂಟು ಹಾಕಿ, ನಿಧಾನವಾಗಿ ತಿರುಗಿ, "ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆಯೇ ಇಲ್ಲವೇ?" ಅಂದ. ಉಚ್ಚಾರಣೆ ಮಾತ್ರ ಸ್ಪಷ್ಟ.

ಇನ್ನೊಂದು, ಇದು ಜಾಸ್ತಿ ಗಿಲ್ಟಿ. ನಾನು ಕನ್ನಡ ಸಿನಿಮಾ ಉಳಿಸಿ ಅಂತ ಪೋಸ್ಟ್ ಹಾಕುವವಳು. ಇಲ್ಲಿ ಕನ್ನಡ ಸಿನಿಮಾ ಶೋ ಹಾಕಿಸಲು ಓಡಾಡಿದವಳು. ಆದರೆ ಶುಕ್ರವಾರ ರಾತ್ರಿ ಮಗ ಮಲಗಿದ ಮೇಲೆ ನೋಡುವುದು ಬಾಲಯ್ಯನ ತೆಲುಗು ಸಿನಿಮಾ. ರೈಲು ಹಿಂದಕ್ಕೆ ಹೋಗುವ ದೃಶ್ಯ ಇದೆಯಲ್ಲ, 2003ರದ್ದು. ಭೌತಶಾಸ್ತ್ರ ಓದಿ ಬಂದವಳು ನಾನು. ಆ ದೃಶ್ಯವನ್ನು ನಲವತ್ತು ಸಲವಾದರೂ ನೋಡಿದ್ದೇನೆ.

ಕಡಲ_ಕಿನಾರೆ (ಕುಂದಾಪುರ)

ಬೇಳೆಸಾರು ಅಕ್ಕ, ನಮ್ಮಲ್ಲಿ ಭಾಷೆಯ ಗಿಲ್ಟು ಹೊಸದೇನಲ್ಲ. ಅರವತ್ತರ ದಶಕದಿಂದ ಡಬ್ಬಿಂಗ್ ಬೇಡ ಅಂತ ಇದ್ದ ನಾಡು ಇದು. 2015ರಲ್ಲಿ ಸ್ಪರ್ಧಾ ಆಯೋಗ ತಡೆಯುವ ಹಾಗಿಲ್ಲ ಅಂತ ಆದೇಶ ಕೊಟ್ಟರೂ ನಾನು ವಿರೋಧಿಸುವ ಗುಂಪಿನಲ್ಲೇ ಇದ್ದೆ. 2020ರ ಲಾಕ್‌ಡೌನ್‌ನಲ್ಲಿ ಸುವರ್ಣ ಚಾನೆಲ್‌ನಲ್ಲಿ ಕನ್ನಡಕ್ಕೆ ಡಬ್ ಆದ 'ಮಹಾಭಾರತ' ಬಂತು. ಒಂದು ದಿನ ನೋಡೋಣ ಅಂತ ಕೂತೆ. ಶಕುನಿ ಕನ್ನಡದಲ್ಲಿ ಮಾತಾಡಿದ. ಮುಗಿಯಿತು ನನ್ನ ಹೋರಾಟ.

ಆದರೆ ನಾನು ಹೇಳಬೇಕೆಂದು ಬಂದದ್ದು ಬೇರೆ. ಇಲ್ಲಿ ಎಲ್ಲರೂ ಮೇಲಿನದು, ಕೆಳಗಿನದು ಅಂತ ಗೆರೆ ಎಳೆಯುತ್ತಿದ್ದೀರಿ. ಆ ಗೆರೆಯ ಮೇಲೆ ನಡೆದಾಡಿದ ಒಬ್ಬರು ನಮ್ಮಲ್ಲೇ ಇದ್ದಾರೆ. ಉಮಾಶ್ರೀ.

ಸ್ವಲ್ಪ ಯೋಚನೆ ಮಾಡಿ. 1984ರಲ್ಲಿ ಕಾಶಿನಾಥರ 'ಅನುಭವ'. ಮನೆಯಲ್ಲಿ ಹಿರಿಯರು ಹೆಸರು ಎತ್ತಲು ಹಿಂಜರಿದ ಸಿನಿಮಾ, ಆದರೆ ನೋಡದವರು ಕಡಿಮೆ. ಆಮೇಲೆ ಎನ್.ಎಸ್. ರಾವ್ ಜೊತೆ ಸಾಲು ಸಾಲು ಕಾಮಿಡಿ. ನೋಡುವಾಗ ನಕ್ಕು, ಹೊರಗೆ ಬಂದು 'ಛೇ' ಅಂದದ್ದು. ಅದೇ ಉಮಾಶ್ರೀ ರಂಗದ ಮೇಲೆ ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವ. ಆ ನಾಟಕ ನೋಡಿದವರು ಇವತ್ತಿಗೂ ದನಿ ತಗ್ಗಿಸಿ ಮಾತಾಡುತ್ತಾರೆ.

ಆಮೇಲೆ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'. ವೈದೇಹಿಯವರ ಕಥೆ, ನಮ್ಮ ಕಡೆಯದು. ಉಮಾಶ್ರೀಗೆ ರಾಷ್ಟ್ರ ಪ್ರಶಸ್ತಿ ತಂದ ಸಿನಿಮಾ. ಅದರ ಗುಲಾಬಿ ಯಾರು ಹೇಳಿ? ಸೂಲಗಿತ್ತಿ. ದಿನಾ ಟಾಕೀಸಿಗೆ ಹೋಗುವ ಹುಚ್ಚು. ಹೆರಿಗೆ ಮಾಡಿಸಲು ಕರೆಯಲು ಬಂದರೆ ಅವಳು ಸಿಗುವುದು ಟಾಕೀಸಿನಲ್ಲಿ. ಆಮೇಲೆ ಅವಳ ಗುಡಿಸಲಿಗೆ ಒಂದು ಟಿವಿ ಬರುತ್ತದೆ, ಡಿಶ್ ಬರುತ್ತದೆ, ಊರಿನ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಅಂದರೆ ಫಿಲ್ಟರ್ ಕಾಫಿಯವರ ಗಂಭೀರ ಗುಂಪು ಚರ್ಚೆ ಮಾಡುವಂಥ ಆ ಸಿನಿಮಾ ಇರುವುದೇ ನಾವು ಇಲ್ಲಿ ನಾಚಿಕೊಂಡು ಹೇಳುತ್ತಿರುವ ಹುಚ್ಚಿನ ಬಗ್ಗೆ.

ನಡುವೆ ಐದು ವರ್ಷ ಅವರು ಈ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಸಚಿವೆ. ಯಾವುದು ಸಂಸ್ಕೃತಿ ಅನ್ನುವ ಫೈಲಿಗೆ ಸಹಿ ಹಾಕುವ ಕುರ್ಚಿ. ಅದು ಮುಗಿದ ಮೇಲೆ 2021ರಲ್ಲಿ 'ಪುಟ್ಟಕ್ಕನ ಮಕ್ಕಳು' ಸೀರಿಯಲ್. ನಮ್ಮಮ್ಮ ಆ ಹೊತ್ತಿಗೆ ಮೀನು ಸಾರು ಕೆಳಗಿಳಿಸಿ ಬಂದು ಕೂರುತ್ತಿದ್ದರು. ಅವರಿಗೆ ಸಾಕವ್ವ ಗೊತ್ತಿಲ್ಲ, ಸಚಿವೆ ನೆನಪಿಲ್ಲ. ಮೆಸ್ ನಡೆಸುವ ಪುಟ್ಟಕ್ಕ ಗೊತ್ತು. ಐದೂ ಕಡೆ ಒಂದೇ ಹೆಂಗಸು, ಒಂದೇ ಕಣ್ಣು. ಯಾವುದಕ್ಕೆ ಚಪ್ಪಾಳೆ, ಯಾವುದಕ್ಕೆ ನಾಚಿಕೆ ಅಂತ ನಾವು ಕೂತ ಜಾಗ ನೋಡಿ ತೀರ್ಮಾನ ಮಾಡಿದೆವು.

ಒಗ್ಗರಣೆ

ಕಡಲ ಕಿನಾರೆಯವರೇ, ಇದಕ್ಕೆ ಪ್ರತಿಕ್ರಿಯೆ ಬರೆಯಲು ಎರಡು ಸಲ ಕೂತು ಅಳಿಸಿದೆ. ಒಂದು ಮಾತು ಮಾತ್ರ. ಅವರು ಆ ಹಳೆಯ ಕಾಮಿಡಿ ಪಾತ್ರಗಳನ್ನು ಎಲ್ಲ ಸಲವೂ ಖುಷಿಯಿಂದಲೇ ಮಾಡಿದರು ಅಂತ ನಾವು ಅಂದುಕೊಳ್ಳುವುದು ಬೇಡ. ಉಳಿದದ್ದು ಒಪ್ಪಿದೆ.

ಬಾತ್‌ರೂಮ್_ಸಿಂಗರ್ (ತುಮಕೂರು)

ಬಿಗ್ ಬಾಸ್. 2013ರ ಮೊದಲ ಸೀಸನ್‌ನಿಂದ. ವಾರವಿಡೀ ನೋಡದಿದ್ದರೂ ಶನಿವಾರ ಕಿಚ್ಚನ ಪಂಚಾಯಿತಿ ಬಿಡುವುದಿಲ್ಲ. ಹೆಚ್ಚು ಹೇಳುವುದಿಲ್ಲ, ಹೆಂಡತಿ ಈ ವೇದಿಕೆಯಲ್ಲಿ ಇದ್ದಾಳೆ.

ಜವಾರಿ_ಮೆಣಸಿನಕಾಯಿ

ನಮ್ಮ ಹಾವೇರಿ ಹುಡುಗ ಹನುಮಂತ ಗೆದ್ದ ಸೀಸನ್ ನಾನೂ ನೋಡಿದೆ. ಅದಕ್ಕೆ ಗಿಲ್ಟು ಇಲ್ಲ, ಅದು ಉತ್ತರ ಕರ್ನಾಟಕದ ಕರ್ತವ್ಯ.

ಎರಡನೇ_ಪಾಳಿ

ಇನ್ನೊಂದು ಒಪ್ಪಿಕೊಳ್ಳುತ್ತೇನೆ, ನನ್ನ ಪಾಳಿಯವರು ಯಾರೂ ಇಲ್ಲಿ ಇಲ್ಲ ಅಂದುಕೊಂಡು. ತಂಗಿ ಸೆಂಟಿಮೆಂಟ್. ಸಾಯಿಪ್ರಕಾಶ್ ನಿರ್ದೇಶನ, ಶಿವಣ್ಣ, ರಾಧಿಕಾ. 2005ರ 'ಅಣ್ಣ ತಂಗಿ' ಬಂದಾಗ ನನ್ನ ತಂಗಿಯ ಮದುವೆ ಆಗಿ ಮೂರು ತಿಂಗಳು. ಅವಳನ್ನು ಹಾಸನಕ್ಕೆ ಕೊಟ್ಟಿದ್ದೆವು. ಥಿಯೇಟರಿನಲ್ಲಿ ಹೆಂಗಸರು ಅಳುವುದನ್ನು ನೋಡಿ ನಗೋಣ ಅಂತ ಗೆಳೆಯರ ಜೊತೆ ಹೋದೆ. ಇಂಟರ್ವಲ್‌ನಲ್ಲಿ ನಾವು ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡದೆ ಕಡಲೆಕಾಯಿ ತಿಂದೆವು. ಅವತ್ತು ರಾತ್ರಿ ಎಸ್‌ಟಿಡಿ ಬೂತಿಗೆ ಹೋಗಿ ಅವಳಿಗೆ ಫೋನ್ ಮಾಡಿದೆ. "ಏನಣ್ಣ, ಯಾರಿಗೆ ಏನಾಯ್ತು?" ಅಂತ ಗಾಬರಿಯಾದಳು. ಏನೂ ಇಲ್ಲ, ಊಟ ಆಯ್ತಾ ಅಂತ ಕೇಳಿ ಇಟ್ಟೆ.

ಈಗಲೂ ಟಿವಿಯಲ್ಲಿ ಬಂದರೆ ನೋಡುತ್ತೇನೆ. ಕಣ್ಣಿಗೆ ಧೂಳು ಬಿತ್ತು ಅನ್ನುತ್ತೇನೆ.

ನಿವೃತ್ತ_ಮೇಷ್ಟ್ರು (ಮದ್ದೂರು)

ಮೂರು ದಿನದಿಂದ ಸುಮ್ಮನೆ ಓದುತ್ತಿದ್ದೆ. ಟೈಪ್ ಮಾಡುವುದು ನಿಧಾನ, ಕ್ಷಮಿಸಿ.

ಮೊದಲು ಪದದ ವಿಷಯ. ಹೊಸದೇನೂ ಕಟ್ಟಬೇಕಿಲ್ಲ. 'ಚಪಲ' ಅಂತ ಇದೆ. ಬಾಯಿ ಚಪಲ ಅನ್ನುವುದಿಲ್ಲವೇ? ಸಕ್ಕರೆ ಕಾಯಿಲೆ ಇದ್ದವನು ಮದುವೆ ಮನೆಯಲ್ಲಿ ಎರಡನೇ ಹೋಳಿಗೆಗೆ ಕೈ ಚಾಚುವುದು. ತಪ್ಪು ಅಂತ ಗೊತ್ತು, ಬಿಡಲಾಗದು, ಜೊತೆಗೆ ಯಾರಿಗೂ ಅದರಿಂದ ಕೋಪ ಬರುವುದಿಲ್ಲ, ನಗುತ್ತಾರೆ. ಇದು ಕಣ್ಣಿನ ಚಪಲ.

ಈಗ ನನ್ನದು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು.

ಆರನೇ ಕ್ಲಾಸಿನಿಂದ ಶುರುವಾಯಿತು. ಬಸ್ ನಿಲ್ದಾಣದ ಹತ್ತಿರ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ. ಅಂದರೆ ಸೈಕಲ್ ಅಂಗಡಿಯ ಮೂಲೆಯಲ್ಲಿ ಒಂದು ಬೀರು. ದಿನಕ್ಕೆ ಹತ್ತು ಪೈಸೆ. ಲೆಕ್ಕದ ಪುಸ್ತಕದ ಒಳಗೆ ಇಟ್ಟುಕೊಂಡು ಓದುವುದು. ಅಳತೆ ಸರಿಯಾಗಿ ಹೊಂದುತ್ತಿತ್ತು, ಅದಕ್ಕೇ ಅಚ್ಚು ಹಾಕಿಸಿದರೋ ಏನೋ. ಪತ್ತೇದಾರ ಪುರುಷೋತ್ತಮ ರಾತ್ರಿ ಯಾರದೋ ಬೆನ್ನು ಹತ್ತಿದರೆ, ಬೆಳಿಗ್ಗೆ ಪರೀಕ್ಷೆ ಅನ್ನುವುದು ಮರೆತು ಹೋಗುತ್ತಿತ್ತು. ಅಪ್ಪ ಹಿಡಿದು ಎರಡು ಸಲ ಹೊಡೆದರು. ಒಂದು ಪುಸ್ತಕ ಒಲೆಗೆ ಹೋಯಿತು. ಅದರ ದಂಡ ಎಂಟಾಣೆ ಕಟ್ಟಿದ್ದು ಅಮ್ಮ, ಸಾಸಿವೆ ಡಬ್ಬಿಯಿಂದ.

ಆಮೇಲೆ ಎಂ.ಎ. ಮಾಡಿದೆ, ಪಂಪ ಓದಿದೆ, ಪಾಠ ಮಾಡಿದೆ. ಸಾಹಿತ್ಯದ ಸಭೆಗಳಲ್ಲಿ ಆ ಹೆಸರು ಎತ್ತುವವರೇ ಇಲ್ಲ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ. ಸ್ವತಃ ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದವರು. 2011ರಲ್ಲಿ ತೀರಿಕೊಂಡರು. ಅವತ್ತು ನಾನು ಸ್ಟಾಫ್ ರೂಮಿನಲ್ಲಿ ಆ ಸುದ್ದಿ ಜೋರಾಗಿ ಓದಿದೆ. ನನ್ನ ವಯಸ್ಸಿನ ಮೂವರು ತಲೆ ಎತ್ತಿದರು. ಲೆಕ್ಕದ ಮೇಷ್ಟ್ರು, ಪಿ.ಟಿ. ಮೇಷ್ಟ್ರು, ಮತ್ತೆ ಗುಮಾಸ್ತರು. ಮೂವರೂ ಓದಿದವರೇ. ಮೂವತ್ತು ವರ್ಷ ಒಟ್ಟಿಗೆ ಕೂತು ಚಹಾ ಕುಡಿದಿದ್ದೆವು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನಾನು ವೇಗವಾಗಿ ಓದಲು ಕಲಿತದ್ದು ಶಾಲೆಯಲ್ಲಿ ಅಲ್ಲ, ಮುಂದೆ ಏನಾಯಿತು ಅನ್ನುವ ಆತುರದಲ್ಲಿ.

ಬಾತ್‌ರೂಮ್_ಸಿಂಗರ್

ಮೇಷ್ಟ್ರೇ, ನಮಸ್ಕಾರ. ತಪ್ಪು ತಿಳಿಯಬೇಡಿ. 1992ರಲ್ಲಿ ರವಿಚಂದ್ರನ್ ಸಿನಿಮಾ 'ಹಳ್ಳಿ ಮೇಷ್ಟ್ರು' ಬಂದಾಗ ನೀವು ಹಳ್ಳಿ ಶಾಲೆಯಲ್ಲೇ ಇದ್ದಿರಾ?

ನಿವೃತ್ತ_ಮೇಷ್ಟ್ರು

ಕೇಳುತ್ತೀರಿ ಅಂತ ಗೊತ್ತಿತ್ತು. ಇದ್ದೆ. ಆ ಸಿನಿಮಾದ ಕೃಪೆಯಿಂದ ಮೇಜಿನ ಮೇಲೆ ವಾರಕ್ಕೆರಡು ಸಲ ನುಗ್ಗೆಕಾಯಿ ಇರುತ್ತಿತ್ತು. ಯಾರು ಇಟ್ಟರು ಅಂತ ಕೇಳಿದರೆ ತರಗತಿ ಪೂರ್ತಿ ಕಿಟಕಿ ಕಡೆ ನೋಡುತ್ತಿತ್ತು. ಮನೆಗೆ ತಂದು ಸಾರು ಮಾಡಿಸಿದೆ. ಒಂದು ವರ್ಷ ತರಕಾರಿ ಖರ್ಚು ಉಳಿಯಿತು.

ಸ್ಕ್ರಿಪ್ಟ್_ಕೂಲಿ

ಮೇಷ್ಟ್ರೇ, ನಮ್ಮ ಕೆಲಸದಲ್ಲಿ ಸಂಚಿಕೆಯ ಕೊನೆಯ ದೃಶ್ಯಕ್ಕೆ 'ಹುಕ್' ಬೇಕು ಅಂತ ದಿನಾ ಪ್ರಾಣ ತಿನ್ನುತ್ತಾರೆ. ಬಾಗಿಲು ತೆರೆಯಬೇಕು, ಯಾರು ಅಂತ ತೋರಿಸಬಾರದು. ಆ ವಿದ್ಯೆಯನ್ನು ನರಸಿಂಹಯ್ಯನವರು ಪ್ರತಿ ಅಧ್ಯಾಯದ ಕೊನೆಗೆ ಮಾಡುತ್ತಿದ್ದರು ಅಂತ ನನ್ನ ಅಪ್ಪ ಹೇಳುತ್ತಿದ್ದರು. ನಾನು ಓದಿಲ್ಲ. ಸಿಕ್ಕರೆ ಓದುತ್ತೇನೆ, ಕದಿಯುವುದಕ್ಕೆ.

ನಿವೃತ್ತ_ಮೇಷ್ಟ್ರು

ಅದೇ ಹುಕ್ಕಿನಿಂದ ನನಗೊಂದು ಹಳೆಯ ನೋವು ಇದೆ. ಏಳನೇ ಕ್ಲಾಸಿನಲ್ಲಿ ಓದಿದ ಒಂದು ಕಾದಂಬರಿಯ ಕೊನೆಯ ನಾಲ್ಕು ಪುಟ ಯಾರೋ ಹರಿದಿದ್ದರು. ಪುರುಷೋತ್ತಮ ಎಲ್ಲರನ್ನೂ ಹಜಾರದಲ್ಲಿ ಕೂರಿಸಿದ್ದಾನೆ. "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ" ಅನ್ನುವಂಥ ಮಾತು. ಅಲ್ಲಿಗೆ ಪುಟ ಇಲ್ಲ. ರಟ್ಟೂ ಇರಲಿಲ್ಲ, ಹಾಗಾಗಿ ಹೆಸರು ಗೊತ್ತಿಲ್ಲ. ಒಬ್ಬ ಕುಂಟ ಮಾಲಿ, ಒಂದು ಬೆಳ್ಳಿ ಹಿಡಿಯ ಕೋಲು, ನಂದಿ ಬೆಟ್ಟಕ್ಕೆ ಹೋಗುವ ಒಂದು ಕಾರು, ಇಷ್ಟು ನೆನಪಿದೆ. ಐವತ್ತು ವರ್ಷ ದಾಟಿತು. ನನಗೆ ಮಾಲಿಯ ಮೇಲೆ ಅನುಮಾನ.

ಮಳೆಗಾಲದ_ಕಪ್ಪೆ

ಮೇಷ್ಟ್ರೇ, ನಮ್ಮತ್ತೆಯ ಟ್ರಂಕಿನಲ್ಲಿ ನರಸಿಂಹಯ್ಯನವರವು ಒಂದು ಇಪ್ಪತ್ತು ಇವೆ. ನ್ಯಾಫ್ತಲಿನ್ ಗುಳಿಗೆ ವಾಸನೆ. ಇಷ್ಟು ವರ್ಷ ಅವರು ಭಗವದ್ಗೀತೆ ಇಟ್ಟಿದ್ದಾರೆ ಅಂತ ನಾನು ತಿಳಿದಿದ್ದೆ. ನೀವು ಬರೆದದ್ದನ್ನು ಓದಿ ಹೇಳಿದೆ. "ಕುಂಟ ಮಾಲಿನಾ? ತಡಿ" ಅಂತ ಎದ್ದು ಹೋಗಿದ್ದಾರೆ. ಸೀರಿಯಲ್ ಹೊತ್ತಿನಲ್ಲಿ ಅವರು ಎದ್ದದ್ದನ್ನು ನಾನು ಇದೇ ಮೊದಲು ನೋಡಿದ್ದು. ಸಿಕ್ಕರೆ ಕೊನೆಯ ಪುಟಗಳ ಫೋಟೋ ಹಾಕುತ್ತೇನೆ.

ನಿವೃತ್ತ_ಮೇಷ್ಟ್ರು

ತುಂಬಾ ಉಪಕಾರ ತಾಯಿ. ಒಂದು ವಿನಂತಿ. ಫೋಟೋ ನನಗೆ ಮಾತ್ರ ಕಳಿಸಿ. ಕೊಲೆಗಾರ ಯಾರು ಅಂತ ಇಲ್ಲಿ ಬರೆಯಬೇಡಿ, ಸ್ಕ್ರಿಪ್ಟ್ ಕೂಲಿಯವರು ಇನ್ನೂ ಓದಿಲ್ಲ.